ಎತ್ತಿನ ಹೆಗಲಿಗೆ ಎಣ್ಣೆ ಹಚ್ಚೋ ಮುಂಚೆ

ನಮ್ಮ ಯಾದಗಿರಿ, ಶಹಾಪುರ, ಸುರಪುರ ಕಡೆ ಬಿತ್ತನೆ ಶುರುವಾಯ್ತು ಅಂದ್ರೆ ಎತ್ತಿನ ಹೆಗಲ ಮ್ಯಾಲೆ ಗಾಯ ಕಾಣಿಸ್ತದ. ನೊಗ ತಿಕ್ಕಿ ತಿಕ್ಕಿ ಚರ್ಮ ಸುಲಿದಿರ್ತದ. ಮನೆಯ ಹಿರಿಯರು ಬೇವಿನ ಎಣ್ಣೆ ಹುಡುಕ್ತಾರ. ಕೆಲವರು ಟ್ರ್ಯಾಕ್ಟರ್‌ನ ಸುಟ್ಟ ಆಯಿಲ್ ಬಳಿದು ಕೈ ತೊಳಕೊಳ್ತಾರ. ಎರಡೂ ಎಣ್ಣೆನೇ ಅಲ್ಲೇನು ಅನ್ಬ್ಯಾಡ್ರಿ. ಸುಟ್ಟ ಆಯಿಲ್ ಗಾಯವನ್ನ ಉರಿಸ್ತದ, ದನ ನೆಕ್ಕಿದ್ರೆ ವಿಷ.

ಬೇವಿನ ಎಣ್ಣೆಯ ವಾಸನೆಗೆ ನೊಣ ದೂರ ಇರ್ತದ. ಅದೇ ಅದರ ದೊಡ್ಡ ಉಪಕಾರ. ಮಳೆಗಾಲದಾಗ ನೊಣ ಹಸಿ ಗಾಯದ ಮ್ಯಾಲೆ ಮೊಟ್ಟೆ ಇಟ್ರೆ ಒಂದೇ ದಿನದಾಗ ಹುಳ ಬೀಳಬಹುದು.

2022ರಲ್ಲಿ ಚರ್ಮಗಂಟು ರೋಗ ರಾಜ್ಯದಾಗ ಹಬ್ಬಿದಾಗ ಎಷ್ಟೋ ದನಗಳ ಮೈತುಂಬ ಗಂಟು ಒಡೆದು ಹುಣ್ಣಾಗಿದ್ವು. ಅಂಥ ಹುಣ್ಣಿಗೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ, ಅಂದ್ರೆ ಎನ್‌ಡಿಡಿಬಿ, ಹೇಳಿದ ಮನೆಮದ್ದು ಹಿಂಗದ: ಕುಪ್ಪಿಗಿಡ, ಬೇವು, ತುಳಸಿ, ಮೆಹಂದಿ ಎಲೆ ಒಂದೊಂದು ಹಿಡಿ, 10 ಎಸಳು ಬೆಳ್ಳುಳ್ಳಿ, 20 ಗ್ರಾಂ ಅರಿಶಿನ. ಎಲ್ಲಾ ಅರೆದು ಅರ್ಧ ಲೀಟರ್ ಕೊಬ್ಬರಿ ಎಣ್ಣೆ ಇಲ್ಲಾ ಎಳ್ಳೆಣ್ಣೆಯಾಗ ಕುದಿಸಬೇಕು. ಪೂರ್ತಿ ಆರಿದ ಮ್ಯಾಲೆ ಹಚ್ಚಬೇಕು. ಇದು ಹುಣ್ಣಿಗೆ ಮಾತ್ರ ರೀ, ವೈರಸ್‌ಗೆ ಅಲ್ಲ. ಅದಕ್ಕೆ ಮುಂಚೆನೇ ಲಸಿಕೆ ಹಾಕಿಸಬೇಕು.

ಆದ್ರ ಎಣ್ಣೆ ಹಚ್ಚೋದು ಎರಡನೇ ಕೆಲಸ. ಮೊದಲು ಗಾಯ ತೊಳೀರಿ. ಕೀವು, ಮಣ್ಣು ಒಳಗೇ ಇಟ್ಟು ಮ್ಯಾಲೆ ಎಣ್ಣೆ ಸುರಿದ್ರೆ ಹೊರಗೆ ಹೊಳೀತದ, ಒಳಗೆ ಕೊಳೀತದ. ಹುಳ ಬಿದ್ದಿದ್ರೆ ಮೊದಲನೇ ದಿನ ಕರ್ಪೂರ ಬೆರೆಸಿದ ಕೊಬ್ಬರಿ ಎಣ್ಣೆ ಇಲ್ಲಾ ಸೀತಾಫಲದ ಎಲೆ ಅರೆದು ಹಚ್ಚಬಹುದು. ಕಣ್ಣಿನ ಹತ್ತಿರ ಮಾತ್ರ ಬ್ಯಾಡ.

ನಾಯಿ ಕಚ್ಚಿದ ಗಾಯ ಇದ್ರೆ ಈ ಯಾವ ಎಣ್ಣೆನೂ ಮುಟ್ಟಬ್ಯಾಡ್ರಿ. ಕೈಗೆ ಗ್ಲೌಸ್ ಹಾಕ್ಕೊಂಡು, ಸೋಪು ಹಚ್ಚಿ, ಹರಿಯೋ ನೀರಾಗ 15 ನಿಮಿಷ ತೊಳೀರಿ, ತಡಮಾಡದೆ ಪಶುವೈದ್ಯರಿಗೆ ತೋರಿಸ್ರಿ. ಅದು ರೇಬೀಸ್ ವಿಷಯ, ನಿಮ್ಮ ಜೀವಕ್ಕೂ ಸಂಬಂಧ. ಗಾಯ ಆಳ ಇದ್ರೆ, ದನ ಮೇವು ಬಿಟ್ಟಿದ್ರೆ 1962ಕ್ಕೆ ಫೋನ್ ಮಾಡ್ರಿ, ಪಶು ಸಂಜೀವಿನಿ ಗಾಡಿ ಬರ್ತದ.

ಇನ್ನೊಂದು ಮಾತು, ಮನ್ಯಾಗ ಹೇಳೋದು ಕಷ್ಟ ಅಂತ ಗೊತ್ತದ. ಹೆಗಲು ಮಾಯೋ ತನಕ ಆ ಎತ್ತಿಗೆ ನೊಗ ಹೂಡಬ್ಯಾಡ್ರಿ. ಹದ ಹೋಗ್ತದ ಅಂತ ಅಪ್ಪ ಬೈಬಹುದು. ನಾಲ್ಕು ದಿನ ಪಕ್ಕದ ಹೊಲದವರ ಎತ್ತು ಕೇಳಿ ನೋಡ್ರಿ.