ಮಲ್ಲಿಗೆಯ ಹಿತ್ತಲು: ನೆರೆಹೊರೆಯವರು ಕೂಡಿ ನಡೆಸತಕ್ಕ ಋತುಕೆಲಸಗಳು

(ಹೂವಿನಹಡಗಲಿಯ ರೈತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಇಂದು ನಾನು ಹೊಸ ಬೆಳೆಯೊಂದನ್ನು ಹೊತ್ತು ನಿಮ್ಮ ಮುಂದೆ ಬಂದಿಲ್ಲ. ನಿಮ್ಮ ಹಿರಿಯರ ಕಾಲದಿಂದ ಹಿತ್ತಲುಗಳಲ್ಲಿಯೂ ಬಾವಿಯ ದಂಡೆಯ ತುಂಡು ನೆಲಗಳಲ್ಲಿಯೂ ಬೆಳೆದು ಬಂದಿರುವ ಮಲ್ಲಿಗೆಯ ವಿಷಯವಾಗಿಯೇ ಕೆಲವು ಮಾತುಗಳನ್ನು ಅರಿಕೆ ಮಾಡಬೇಕೆಂದಿದ್ದೇನೆ. ಗಿಡ ಬೆಳೆಸುವುದರಲ್ಲಿ ನಿಮಗೆ ಹೇಳಿಕೊಡತಕ್ಕದ್ದು ಬಹಳವಿಲ್ಲ. ಆದರೆ ಒಂದೇ ಕೇರಿಯ ನಾಲ್ಕು ಮನೆಯವರು ಒಬ್ಬರನ್ನೊಬ್ಬರು ಕೇಳದೆ ಈ ಕೆಲಸ ಮಾಡುವುದರಿಂದ ಆಗುವ ನಷ್ಟವೂ, ಮಾತಾಡಿಕೊಂಡು ಮಾಡುವುದರಿಂದ ಬರುವ ಲಾಭವೂ ಇನ್ನೂ ಸಾಕಷ್ಟು ಮನಸ್ಸಿಗೆ ಬಂದಂತೆ ತೋರುವುದಿಲ್ಲ. ನನ್ನ ಉಪನ್ಯಾಸದ ಉದ್ದೇಶವು ಅಷ್ಟೇ.

ಹಡಗಲಿಯ ಹೂವು

ವಿಜಯನಗರದ ಅರಸರ ಕಾಲದಲ್ಲಿ ಈ ಊರಿನಿಂದ ತುಂಗಭದ್ರೆಯ ಮೇಲೆ ಹಡಗುಗಳಲ್ಲಿ ಹೂವು ಹಂಪೆಗೆ ಹೋಗುತ್ತಿತ್ತೆಂದೂ, ಆದುದರಿಂದಲೇ ಊರಿಗೆ ಈ ಹೆಸರಾಯಿತೆಂದೂ ಪ್ರತೀತಿಯಿದೆ. ಇದೇ ತಾಲ್ಲೂಕಿನ ಕುರುವತ್ತಿಯಲ್ಲಿ ನದಿಯ ದಡದ ದೇವರಿಗೆ ಮಲ್ಲಿಕಾರ್ಜುನನೆಂದೇ ಹೆಸರು. ಇಲ್ಲಿ ಬೆಳೆಯುವ ಮಲ್ಲಿಗೆಯನ್ನು ಜನರು ವಾಸನೆ ಮಲ್ಲಿಗೆಯೆಂದು ಕರೆಯುತ್ತಾರೆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಜಾಸ್ಮಿನಮ್ ಆರಿಕ್ಯುಲೇಟಮ್. ಉಡುಪಿಯ ಮಲ್ಲಿಗೆ ಬೇರೆ ಜಾತಿ. 1999ರ ಭೌಗೋಳಿಕ ಸೂಚಕಗಳ ಕಾಯಿದೆಯ ಮೇರೆಗೆ ಮೈಸೂರು, ಉಡುಪಿ, ಹಡಗಲಿ ಈ ಮೂರು ಊರುಗಳ ಮಲ್ಲಿಗೆಗಳಿಗೂ ನೋಂದಣಿಯಾಗಿದೆ. ಬಳ್ಳಾರಿ ಸೀಮೆಯ ಈ ಭಾಗವು 1953ರಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿತು. 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದಿತು. ಸೀಮೆ ಬದಲಾದರೂ ಹೂವಿನ ಹೆಸರು ಉಳಿದಿದೆ. ಆದರೆ ಹೆಸರು ಉಳಿದ ಮಾತ್ರಕ್ಕೆ ತೋಟ ಉಳಿಯಲಾರದು.

ನಷ್ಟವು ಎಲ್ಲಿ ಆಗುತ್ತದೆ

ಮಲ್ಲಿಗೆಯ ಮೊಗ್ಗು ಜೋಳದಂತೆ ಕಣದಲ್ಲಿ ಕಾಯುವ ಸರಕಲ್ಲ. ಬೆಳಗಿನ ಜಾವ ಬಲಿತು ಅರಳದೆ ಇರುವ ಮೊಗ್ಗು ಆ ಸಂಜೆಗೆ ಬಿರಿಯುತ್ತದೆ. ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಮಾಲೆ ಕಟ್ಟುವವರಿಗೆ ಅದು ಬೇಡವಾಗುತ್ತದೆ. ಅತ್ತರು ತೆಗೆಯುವವರಿಗೆ ಅರಳಿದ ಹೂವೇ ಬೇಕೆಂಬುದು ನಿಜ. ಆದರೆ ಅವರು ಹತ್ತಿರದಲ್ಲಿಲ್ಲದ ಊರಿನಲ್ಲಿ ಗಿಡದ ಮೇಲೆ ಅರಳಿದ ಹೂವು ಗಿಡದ ಬುಡಕ್ಕೇ ಬೀಳತಕ್ಕದ್ದು. ಒಂದು ಕಿಲೋ ತೂಗಬೇಕಾದರೆ ಸಾವಿರಗಟ್ಟಲೆ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಬೇಕು. ಈ ಕೆಲಸ ಮಾಡುವವರು ಬಹುಮಟ್ಟಿಗೆ ಹೆಂಗಸರು. ಅವರು ನಸುಕಿನಲ್ಲಿ ಎದ್ದು ಹೂ ಬಿಡಿಸಿ, ಬುಟ್ಟಿ ಕಳುಹಿಸಿ, ಆಮೇಲೆ ರೊಟ್ಟಿ ಬಡಿಯಲು ಕೂಡಬೇಕು.

ಈಗ ಒಂದು ಕೇರಿಯಲ್ಲಿ ಮೂರು ಮನೆಯವರಿಗೆ ತಲಾ ಹತ್ತು ಗುಂಟೆ ಮಲ್ಲಿಗೆ ಇದೆಯೆಂದು ಇಟ್ಟುಕೊಳ್ಳಿರಿ. ಮೂವರೂ ಒಂದೇ ವಾರದಲ್ಲಿ ಗಿಡ ಸವರಿದರು. ಬೇಸಗೆಯಲ್ಲಿ ಮೂರು ತೋಟಗಳೂ ಒಂದೇ ಸಮಯಕ್ಕೆ ತುಂಬಿ ಬಂದುವು. ಆಗ ನೆರೆಮನೆಯ ಅಕ್ಕನನ್ನು ಸಹಾಯಕ್ಕೆ ಕರೆಯುವಂತಿಲ್ಲ; ಅವಳ ತೋಟದಲ್ಲಿಯೂ ಮೊಗ್ಗು ಕಾದಿದೆ. ಕೂಲಿಗೆ ಜನ ಸಿಕ್ಕುವುದಿಲ್ಲ. ಬಿಡಿಸಿದಷ್ಟು ಹೂವು ಒಟ್ಟಿಗೆ ಸಂತೆಗೆ ಬಂದುದರಿಂದ ಬೆಲೆ ಇಳಿಯುತ್ತದೆ; ಬಿಡಿಸದೆ ಉಳಿದದ್ದು ಮಣ್ಣಾಗುತ್ತದೆ. ಹದಿನೈದು ದಿನ ಕಳೆದ ಮೇಲೆ ಬೆಲೆ ಏರಿದಾಗ ಮೂವರ ಗಿಡದಲ್ಲಿಯೂ ಹೂವಿಲ್ಲ. ಈ ನಷ್ಟಕ್ಕೆ ಮಳೆಯನ್ನಾಗಲಿ ದಲಾಲರನ್ನಾಗಲಿ ದೂರಿ ಪ್ರಯೋಜನವಿಲ್ಲ. ಇದರ ಬೀಜವು ಸವರುವ ದಿನವೇ ಬಿದ್ದಿತ್ತು. ಕತ್ತರಿ ಗಂಡಸರ ಕೈಯಲ್ಲಿ, ಬುಟ್ಟಿ ಹೆಂಗಸರ ಕೈಯಲ್ಲಿ. ಈ ಎರಡು ಕೈಗಳೂ ಕೂಡಿ ಆಲೋಚಿಸಬೇಕು.

ಸವರುವ ಕೆಲಸ

ಈ ಜಾತಿಯ ಮಲ್ಲಿಗೆಯನ್ನು ಸವರಲು ಜನವರಿ ತಿಂಗಳ ಕೊನೆಯ ವಾರವು ಪ್ರಶಸ್ತವಾದ ಕಾಲ. ಸಂಕ್ರಾಂತಿ ಕಳೆದು ಮೈಲಾರದ ಜಾತ್ರೆಯ ಮಾತು ಏಳುವ ಹೊತ್ತು ಎಂದು ನೆನಪಿಟ್ಟುಕೊಂಡರೆ ಸಾಕು. ಸವರುವುದಕ್ಕೆ ಮುಂಚೆ ಕೆಲವು ದಿನ ನೀರು ನಿಲ್ಲಿಸಬೇಕು. ಬಳಿಕ ನೆಲದಿಂದ ಸುಮಾರು 1½ ಅಡಿ ಎತ್ತರಕ್ಕೆ ಗಿಡವನ್ನು ಕತ್ತರಿಸಿ, ಒಣಗಿದ, ರೋಗ ಹತ್ತಿದ, ಒಂದಕ್ಕೊಂದು ಹೆಣೆದುಕೊಂಡ ಕಡ್ಡಿಗಳನ್ನು ತೆಗೆದುಹಾಕಬೇಕು. ಕತ್ತರಿ ಹರಿತವಾಗಿರತಕ್ಕದ್ದು, ಕಡ್ಡಿಯನ್ನು ಸೀಳಕೂಡದು. ದಪ್ಪ ಕಡ್ಡಿಗಳ ಗಾಯಕ್ಕೆ ಮೈಲುತುತ್ತ ಮತ್ತು ಸುಣ್ಣ ಕೂಡಿಸಿದ ಬೋರ್ಡೋ ಸರಿಯನ್ನು ಹಚ್ಚುವುದು ಒಳ್ಳೆಯದು. ಆಮೇಲೆ ಬುಡ ಅಗೆದು, ಗಿಡವೊಂದಕ್ಕೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ 10 ಕಿಲೋದಂತೆ ಹಾಕಿ ನೀರು ಬಿಡಬೇಕು.

ಇಲ್ಲಿಯೇ ನೆರೆಹೊರೆಯ ಮಾತು ಬರುವುದು. ಮೂರು ಮನೆಯವರು ಒಂದು ಸಂಜೆ ಕಟ್ಟೆಯ ಮೇಲೆ ಕೂತು, ಒಬ್ಬರು ಜನವರಿ ಮೂರನೆಯ ವಾರ, ಇನ್ನೊಬ್ಬರು ಕೊನೆಯ ವಾರ, ಮತ್ತೊಬ್ಬರು ಫೆಬ್ರವರಿ ಮೊದಲನೆಯ ವಾರ ಎಂದು ಗೊತ್ತುಮಾಡಿಕೊಳ್ಳಲಿ. ಹೀಗೆ ಮಾಡಿದರೆ ಮೊದಲ ಹೂವಿನ ಭರವು ಮೂರು ತೋಟಗಳಲ್ಲಿಯೂ ಹಿಂದುಮುಂದಾಗಿ ಬರುತ್ತದೆ. ಇಂದು ಇವರ ತೋಟಕ್ಕೆ ಅವರ ಕೈ, ಮುಂದಿನ ವಾರ ಅವರ ತೋಟಕ್ಕೆ ಇವರ ಕೈ ಒದಗುತ್ತದೆ. ಮುಯ್ಯಾಳಿನ ಪದ್ಧತಿ ನಿಮಗೆ ಹೊಸದಲ್ಲ. ಬಿತ್ತನೆಗೆ, ಒಕ್ಕಣೆಗೆ ಅದನ್ನು ಬಳಸಿದವರೇ ನೀವು. ಯಾರ ಸರದಿ ಮೊದಲು ಎಂಬುದನ್ನು ವರ್ಷವರ್ಷಕ್ಕೂ ತಿರುಗಿಸಿದರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಒಬ್ಬರಿಗೇ ಹೆಚ್ಚು ಗಿಡಗಳಿದ್ದರೆ ತಮ್ಮ ತೋಟವನ್ನೇ ಮೂರು ಪಾಲು ಮಾಡಿ ಸವರಬಹುದು. ಮಳೆಗಾಲ ಹಿಡಿದ ಮೇಲೆ ಈ ಅಂತರವು ಕ್ರಮೇಣ ಕುಗ್ಗಬಹುದು. ಆದಾಗ್ಯೂ ಮೊದಲ ಭರದ ಗಳಿಕೆ ಕೈಗೆ ಬಂದಿರುತ್ತದೆ. ಆದರೆ ತಡಮಾಡುವುದಕ್ಕೂ ಮಿತಿಯಿದೆ. ಬಿಸಿಲು ಬಲಿತ ಮೇಲೆ ಸವರಿದರೆ ಎಳೆ ಚಿಗುರಿಗೆ ನೀರು ಸಾಲದೆ ಗಿಡ ಸೊರಗುವುದು.

ಬೇಸಗೆ: ನೀರು ಮತ್ತು ಕೊಯ್ಲು

ಯುಗಾದಿಯ ಹೊತ್ತಿಗೆ ಹಿತ್ತಲಿಗೆ ಚಿಗುರಿನ ಕಳೆ ಬರುತ್ತದೆ. ಬಾವಿಯ ನೀರು ಮಾತ್ರ ಇಳಿಯುತ್ತದೆ. ನೀರು ಕಡಮೆಯಾದಷ್ಟೂ ಅದನ್ನು ಸಾಲಿನಲ್ಲಿ ಹರಿಯಬಿಡದೆ, ಸಾಧ್ಯವಿದ್ದವರು ಹನಿ ನೀರಾವರಿಯಿಂದ ಕೊಡತಕ್ಕದ್ದು. ಗಿಡದ ಬುಡಕ್ಕೆ ಜೋಳದ ರವದಿ, ಒಣ ಎಲೆಗಳನ್ನು ಹೊದಿಸಿದರೆ ತೇವ ನಿಲ್ಲುತ್ತದೆ. ಬಚ್ಚಲ ನೀರನ್ನು ಬೀದಿಗೆ ಬಿಡದೆ ಹಿತ್ತಲಿನ ಬಾಳೆ, ನುಗ್ಗೆಗಳಿಗೆ ತಿರುಗಿಸಿದರೆ ಬಾವಿಯ ನೀರೆಲ್ಲ ಮಲ್ಲಿಗೆಗೆ ಉಳಿಯುತ್ತದೆ. ಒಂದೇ ಬಾವಿಯಿಂದ ನೀರು ಪಡೆಯುವವರು ಸರದಿಯನ್ನು ಹೂವು ಬರುವ ಮುನ್ನವೇ ಗೊತ್ತುಪಡಿಸಿಕೊಳ್ಳಬೇಕು. ಮೊಗ್ಗು ಕಟ್ಟಿದ ಮೇಲೆ ಹೂಡುವ ನ್ಯಾಯದಿಂದ ಗಿಡಕ್ಕೆ ನೀರು ಸಿಕ್ಕುವುದಿಲ್ಲ.

ಕೊಯ್ಲನ್ನು ಬಿಸಿಲು ಏರುವ ಮುನ್ನ ಮುಗಿಸಬೇಕು. ಬಿಡಿಸಿದ ಮೊಗ್ಗನ್ನು ಗಾಳಿಯಾಡುವ ಬುಟ್ಟಿಯಲ್ಲಿ ನೆರಳಿನಲ್ಲಿಟ್ಟು, ಮೇಲೆ ಹಿಂಡಿದ ಒದ್ದೆ ಬಟ್ಟೆಯನ್ನು ಹೊದಿಸಬೇಕು. ತೂಕಕ್ಕೆಂದು ನೀರು ಚಿಮುಕಿಸುವವರುಂಟು. ಹೆಚ್ಚು ತೇವದಿಂದ ಮೊಗ್ಗು ಕಂದುವುದಲ್ಲದೆ, ಊರಿನ ಹೂವಿಗೇ ಕೆಟ್ಟ ಹೆಸರು ಬರುತ್ತದೆ. ನೆರೆಯವರೆಲ್ಲರ ಬುಟ್ಟಿಗಳನ್ನು ತೂಗಿ, ಬರೆದಿಟ್ಟು, ಒಬ್ಬರ ಕೈಯಲ್ಲಿ ಸಂತೆಗೆ ಕಳುಹಿಸಿದರೆ ಉಳಿದವರ ಅರ್ಧ ದಿನ ಉಳಿಯುತ್ತದೆ.

ಮಳೆಗಾಲ: ನೆಡುವುದು ಮತ್ತು ಹುಳುವಿನ ಬಾಧೆ

ಮೃಗಶಿರಾ, ಆರಿದ್ರಾ ಮಳೆಗಳು ಬಿದ್ದು ನೆಲ ತಂಪಾದಾಗ ಹೊಸ ಗಿಡಗಳನ್ನು ನೆಡತಕ್ಕದ್ದು. ಉದ್ದ, ಅಗಲ, ಆಳ 1½ ಅಡಿಯ ಗುಣಿಗಳನ್ನು ಬೇಸಗೆಯಲ್ಲಿಯೇ ತೋಡಿ ಬಿಸಿಲಿಗೆ ಬಿಟ್ಟಿರಬೇಕು. ಗುಣಿಗೂ ಗುಣಿಗೂ ಸುಮಾರು 6 ಅಡಿ ಅಂತರವಿರಲಿ. ಎರೆಭೂಮಿಯಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ಬಸಿಗಾಲುವೆ ಅವಶ್ಯ. ಗಿಡಗಳನ್ನು ಹಣ ಕೊಟ್ಟೇ ತರಬೇಕೆಂಬ ನಿಯಮವಿಲ್ಲ. ನೆರೆಯವರ ಚೆನ್ನಾಗಿ ಹೂ ಬಿಡುವ ಗಿಡದಿಂದ ಕಡ್ಡಿ ಕೇಳಿ ತಂದು ಬೇರು ಬರಿಸಬಹುದು. ಅಥವಾ ಕೊಂಬೆಯನ್ನು ನೆಲಕ್ಕೆ ಬಗ್ಗಿಸಿ ಮಣ್ಣು ಮುಚ್ಚಿ, ಬೇರು ಬಂದ ಮೇಲೆ ತಾಯಿಗಿಡದಿಂದ ಬೇರ್ಪಡಿಸಬಹುದು. ಎಲೆಯ ಮೇಲೆ ಬಿಳಿ ಉಣ್ಣೆಯಂಥ ನುಸಿಯ ಬಾಧೆ ಕಂಡ ಗಿಡದಿಂದ ಮಾತ್ರ ಕಡ್ಡಿ ಕೊಡಲೂ ಕೂಡದು, ತರಲೂ ಕೂಡದು.

ಸವರುವುದು ಬೇರೆ ಬೇರೆ ವಾರದಲ್ಲಾದರೆ, ಹುಳುವಿನ ಕೆಲಸ ಎಲ್ಲರಿಗೂ ಒಂದೇ ದಿನ. ಮೊಗ್ಗು ಕೊರೆಯುವ ಹುಳುವಿನ ಚಿಟ್ಟೆಗೆ ಬೇಲಿಯ ಲೆಕ್ಕವಿಲ್ಲ. ಒಬ್ಬರು ಔಷಧಿ ಹೊಡೆದು ಮತ್ತೊಬ್ಬರು ಸುಮ್ಮನಿದ್ದರೆ ಹೊಡೆದವರ ಶ್ರಮವು ವ್ಯರ್ಥ. ತೂತು ಬಿದ್ದ ಮೊಗ್ಗು, ನುಸಿ ಹತ್ತಿದ ಕಡ್ಡಿಗಳನ್ನು ಆಯ್ದು ಸುಡಬೇಕು. ಬೇವಿನ ಬೀಜದ ತಿರುಳನ್ನು ಲೀಟರು ನೀರಿಗೆ 50 ಗ್ರಾಮಿನಂತೆ ಕುಟ್ಟಿ, ರಾತ್ರಿ ನೆನೆಯಿಟ್ಟು, ಸೋಸಿ, ಸಂಜೆಯ ಹೊತ್ತು ಸಿಂಪಡಿಸಬಹುದು. ಬೇವಿನ ಬೀಜವನ್ನು ಮಳೆಗಾಲದ ಮೊದಲಲ್ಲಿ ಮಕ್ಕಳಿಂದ ಆರಿಸಿ ಒಣಗಿಸಿಟ್ಟುಕೊಂಡರೆ ಖರ್ಚಿಲ್ಲ.

ಚಳಿಗಾಲದ ಬಿಡುವು

ದೀಪಾವಳಿಯ ಹೊತ್ತಿಗೆ ಹೂವು ನಿಂತಿರುತ್ತದೆ. ಈ ಬಿಡುವಿನಲ್ಲಿ ಹಿತ್ತಲ ಅಂಚಿಗೆ ಅವರೆ, ಬದನೆ, ಮೆಂತ್ಯ, ಕೊತ್ತಂಬರಿಗಳನ್ನು ಹಾಕಿದರೆ ಮನೆಯ ಸಾರಿಗೆ ಕೊರತೆಯಿಲ್ಲ. ಒಂದೊಂದು ಮನೆಯವರು ಒಂದೊಂದು ಬೀಜವನ್ನು ಕಾಪಾಡಿ ಹಂಚಿಕೊಳ್ಳುವುದು ಹಳೆಯ ಮರ್ಯಾದೆ, ಅದನ್ನು ಬಿಡಬೇಡಿರಿ. ಕಸಕಡ್ಡಿ, ಸಗಣಿ, ಬೂದಿಗಳನ್ನು ಗುಂಡಿಯಲ್ಲಿ ಪದರಪದರವಾಗಿ ಹಾಕಿ, ತೇವವಿಟ್ಟು, ತಿರುವುತ್ತ ಬಂದರೆ ಸವರುವ ಕಾಲಕ್ಕೆ ಗೊಬ್ಬರ ಸಿದ್ಧವಾಗಿರುತ್ತದೆ.

ಮುಖಂಡರಿಗೆ ವಿಜ್ಞಾಪನೆ

ಕೊನೆಯದಾಗಿ ಮುಖಂಡರಲ್ಲಿ ಮೂರು ಮಾತುಗಳನ್ನು ಬಿನ್ನವಿಸುತ್ತೇನೆ. ಒಂದನೆಯದಾಗಿ, ಸಂಕ್ರಾಂತಿಯ ಮಾರನೆಯ ದಿನ ನಿಮ್ಮ ಊರಿನ ಹೂವಿನವರನ್ನೆಲ್ಲ ಒಂದೆಡೆ ಕರೆದು ಸವರುವ ಸರದಿಯನ್ನು ಬರೆಯಿಸಿರಿ. ಎರಡನೆಯದಾಗಿ, ಆ ಸಭೆಗೆ ಹೂ ಬಿಡಿಸುವ ತಾಯಂದಿರನ್ನು ತಪ್ಪದೆ ಕರೆಯಿರಿ. ದಿನಕ್ಕೆ ಎಷ್ಟು ಗಿಡ ಬಿಡಿಸಬಹುದೆಂಬುದನ್ನು ಅವರಿಗಿಂತ ಬಲ್ಲವರಿಲ್ಲ. ಮೂರನೆಯದಾಗಿ, ಮನೆಯ ಹೆಂಗಸರ ದುಡಿಮೆಯನ್ನೂ ತೋಟದ ಖರ್ಚಿನಲ್ಲಿ ಬರೆಯಿರಿ. ಅದನ್ನು ಬಿಟ್ಟು ಲಾಭವೆಂದುಕೊಂಡದ್ದು ಲಾಭವಲ್ಲ. ಅವರ ಬೆರಳು ಸೋತ ದಿನ ಯಾವ ತೋಟವೂ ಉಳಿಯಲಾರದು. ಇಂದು ಅವರೊಡನೆ ಬುಟ್ಟಿ ಹಿಡಿಯದ ಮಕ್ಕಳು ನಾಳೆ ಗಿಡವನ್ನು ಕಿತ್ತು ಬೇರೆ ದಾರಿ ನೋಡುವರು.

ಮುಂದಿನ ಬೇಸಗೆಯಲ್ಲಿ ಒಂದು ಕೇರಿಯವರಾದರೂ ಹೀಗೆ ನಡೆಸಿ ನೋಡಿರಿ. ಬಂದ ತೂಕವನ್ನೂ, ದೊರೆತ ಬೆಲೆಯನ್ನೂ, ಗಿಡದ ಮೇಲೆಯೇ ಅರಳಿಹೋದ ಹೂವನ್ನೂ ದಿನದಿನ ಬರೆದಿಡಿರಿ. ಆ ಲೆಕ್ಕದ ಪುಸ್ತಕವು ನನ್ನ ಉಪನ್ಯಾಸಕ್ಕಿಂತ ಚೆನ್ನಾಗಿ ಉಳಿದ ಕೇರಿಗಳಿಗೆ ಬುದ್ಧಿ ಹೇಳುವುದು.