ಮಕ್ಕಳ ಕೈಗೆ ನಿಘಂಟು



ಶತಮಾನೋತ್ಸವದ ಈ ಸಂಭ್ರಮದಲ್ಲಿ ನಿಘಂಟಿನಂಥ ಒಣ ವಿಷಯವನ್ನು ಆರಿಸಿಕೊಂಡುದೇಕೆಂದು ಕೆಲವರು ಹುಬ್ಬೇರಿಸಬಹುದು. ನಮ್ಮಲ್ಲಿ ಬಹುಪಾಲು ಮನೆಗಳ ಮಾತು ಕೊಂಕಣಿ ಅಥವಾ ತುಳು. ಮಕ್ಕಳ ಕೈಯಲ್ಲಿರುವ ಪಾಠಪುಸ್ತಕ ಕನ್ನಡ. ಸಂಜೆ ಓದಲು ಕುಳಿತ ಮಗು ಒಂದು ಪದಕ್ಕೆ ಬೆರಳಿಟ್ಟು ಅರ್ಥ ಕೇಳಿದಾಗ ಉತ್ತರಿಸಲಾರದ ತಾಯಿತಂದೆಗಳು ಅನೇಕರಿದ್ದಾರೆ. ಅದು ಅವರ ದೋಷವಲ್ಲ. ಆದರೆ ಎರಡು ಬಾರಿ ಕೇಳಿ ಉತ್ತರ ದೊರೆಯದ ಮಗು ಮೂರನೆಯ ಬಾರಿ ಕೇಳುವುದಿಲ್ಲ. ತಿಳಿಯದ ಪದವನ್ನು ಹಾರಿ ಓದುವುದನ್ನು ಕಲಿಯುತ್ತದೆ; ಗೈಡಿನ ಉತ್ತರವನ್ನು ಬಾಯಿಪಾಠ ಮಾಡುತ್ತದೆ. ಇಂಥ ಮಗುವಿಗೆ ನಿಘಂಟು ಎಷ್ಟು ಸಲ ಕೇಳಿದರೂ ಬೇಸರಿಸದ ಹಿರಿಯನಂತೆ.

ನಮ್ಮ ಕರಾವಳಿಗೆ ಈ ಕಾರ್ಯ ಹೊಸದೇನಲ್ಲ. ಯೇಸುಸಭೆಯ ಮಾಫೆಯಿ ಗುರುಗಳ ಇಂಗ್ಲಿಷ್-ಕೊಂಕಣಿ ನಿಘಂಟು 1883ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅದು ಅಚ್ಚಾದುದು ಪ್ರೊಟೆಸ್ಟೆಂಟರದಾದ ಬಾಸೆಲ್ ಮಿಶನ್ನಿನ ಮುದ್ರಣಾಲಯದಲ್ಲಿ ಎಂಬುದು ಇಂದಿಗೂ ನೆನೆಯತಕ್ಕ ಸಂಗತಿ. ಅದೇ ಮಿಶನ್ನಿನ ಫರ್ಡಿನಾಂಡ್ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದಿತು. ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು 1995ರಲ್ಲಿ ಪೂರ್ಣಗೊಂಡಿತು. ಇಷ್ಟು ಮಂದಿ ಇಷ್ಟು ಕಾಲ ದುಡಿದು ಕಟ್ಟಿದ ಭಂಡಾರವು ಎಷ್ಟೋ ಶಾಲೆಗಳಲ್ಲಿ ಗಾಜಿನ ಕಪಾಟಿನೊಳಗೆ ಕುಳಿತು, ತಪಾಸಣೆಯ ದಿನ ಮಾತ್ರ ಧೂಳು ಕೊಡವಿಸಿಕೊಳ್ಳುತ್ತದೆ.

'ನಿಘಂಟು ನೋಡು' ಎಂದು ಹೇಳಿಬಿಟ್ಟರೆ ಅಧ್ಯಾಪಕರ ಕೆಲಸ ಮುಗಿಯುವುದಿಲ್ಲ. ವರ್ಣಮಾಲೆಯನ್ನು ನಿರರ್ಗಳವಾಗಿ ಒಪ್ಪಿಸುವ ಮಗುವೂ ನಿಘಂಟಿನಲ್ಲಿ ದಾರಿ ತಪ್ಪುತ್ತದೆ. ಕ, ಕಾ, ಕಿ ಎಂದು ಕಾಗುಣಿತವೆಲ್ಲ ಮುಗಿದ ಮೇಲೆಯೇ ಕಕಾರದ ಒತ್ತಕ್ಷರಗಳು ಬರುತ್ತವೆ. ಆದುದರಿಂದ 'ಕ್ರಮ'ಕ್ಕಿಂತ 'ಕೌರವ' ಮುಂದೆ. ಜ್ಞಾನಸ್ನಾನವೆಂಬ ಮಾತನ್ನು ನಮ್ಮ ಮಕ್ಕಳು ಎಳವೆಯಿಂದಲೇ ಕೇಳುತ್ತಾರೆ. ಆದರೆ ಕಿವಿಯನ್ನು ನಂಬಿ ಅದನ್ನು ಗಕಾರದಲ್ಲಿ ಅರಸುತ್ತಾರೆ. ಅದು ಇರುವುದು ಜಕಾರದಲ್ಲಿ.

ಇದಕ್ಕಿಂತಲೂ ದೊಡ್ಡ ತೊಡಕು ಇನ್ನೊಂದಿದೆ. ಪುಸ್ತಕದಲ್ಲಿ ಕಂಡ ರೂಪದಲ್ಲಿಯೇ ಪದವು ನಿಘಂಟಿನಲ್ಲಿ ದೊರೆಯುವುದು ಕನ್ನಡದಲ್ಲಿ ಅಪರೂಪ. 'ಬಂದಳು' ಎಂದು ಹುಡುಕಿದರೆ ಸಿಕ್ಕದು, 'ಬರು' ಎಂದು ಹುಡುಕಬೇಕು; 'ಕಂಡನು' ಎಂಬುದಕ್ಕೆ 'ಕಾಣು'; 'ತೋಟಗಳಲ್ಲಿ' ಎಂಬುದರ ಬಾಲಗಳನ್ನೆಲ್ಲ ಬಿಡಿಸಿ 'ತೋಟ'. 'ಬೆಟ್ಟದಾವರೆ'ಯ ಉತ್ತರಾರ್ಧವನ್ನು ದಕಾರದಲ್ಲಿ ಹುಡುಕಿದ ಮಗು ಬರಿಗೈಯಲ್ಲಿ ಮರಳುತ್ತದೆ. ಸಂಧಿ ಬಿಡಿಸಬಲ್ಲ ಮಗುವಿಗೆ ತಕಾರದಲ್ಲಿ 'ತಾವರೆ' ಸಿಕ್ಕುತ್ತದೆ. ಅಂಕಗಳಿಗಾಗಿ ಉರು ಹೊಡೆದ ವಿಭಕ್ತಿ, ಸಂಧಿ, ಧಾತುಗಳು ಏತಕ್ಕೆ ಬೇಕೆಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನಮಗೆ ತಿಳಿದಿಲ್ಲ. ಆದುದರಿಂದ ನಿಘಂಟಿನ ಪಾಠವೂ ವ್ಯಾಕರಣದ ಪಾಠವೂ ಒಂದೇ ಅವಧಿಯಲ್ಲಿ, ಒಂದೇ ಮೇಜಿನ ಮೇಲೆ ನಡೆಯಬೇಕೆಂಬುದು ನಮ್ಮ ಅಭಿಪ್ರಾಯ.

ಪದ ಸಿಕ್ಕಿದ ಮೇಲೂ ಅವಸರ ಸಲ್ಲದು. 'ಅರಸಿ ಬಂದಳು' ಎಂಬಲ್ಲಿ ಬಂದವಳು ರಾಣಿಯೋ, ಹುಡುಕಿಕೊಂಡು ಬಂದ ಬೇರೊಬ್ಬಳೋ? ಎರಡು ಅರ್ಥಗಳಿಗೂ ಕೋಶದಲ್ಲಿ ಆಧಾರವಿದೆ. ತೀರ್ಪು ಕೊಡಬೇಕಾದುದು ವಾಕ್ಯ. ಹಳಗನ್ನಡ ಪದ್ಯದ 'ಪಾಲ್' ಎಂಬುದನ್ನು ಹುಡುಕುತ್ತ 'ಪಾಲು, ಭಾಗ' ಎಂದಲ್ಲಿಗೇ ನಿಂತ ಮಗುವಿಗೆ ಹಾಲು ದೊರೆಯದು. ಮೊದಲ ಅರ್ಥವನ್ನೇ ಬರೆದುಕೊಂಡು ಪುಸ್ತಕ ಮುಚ್ಚುವ ಚಾಳಿಯನ್ನು ಆರಂಭದಲ್ಲಿಯೇ ಬಿಡಿಸಬೇಕು. ಕೈಯಲ್ಲಿರುವ ಮೊಬೈಲ್ ಫೋನು ಕ್ಷಣದಲ್ಲಿ ಅರ್ಥ ತೋರಿಸುವ ಈ ದಿನಗಳಲ್ಲಿ ಆ ಚಾಳಿ ಮತ್ತಷ್ಟು ಬಲಿಯುತ್ತಿದೆ.

ಸಮಾನಾರ್ಥಕ ಪದಗಳ ಕೋಶದ ಮಾತು ಸ್ವಲ್ಪ ಬೇರೆ. ಇಂಗ್ಲಿಷಿನಲ್ಲಿ ರೋಜೆಟ್ ಎಂಬವರ ಕೋಶ 1852ರಲ್ಲಿ ಬಂದಿತು. ನಮ್ಮ ದೇಶದಲ್ಲಿ ಅದಕ್ಕಿಂತ ಶತಮಾನಗಳ ಹಿಂದೆಯೇ ಅಮರಕೋಶವು ಸಂಸ್ಕೃತ ಪದಗಳನ್ನು ವಿಷಯಾನುಸಾರವಾಗಿ, ಮೂರು ಕಾಂಡಗಳಲ್ಲಿ ಜೋಡಿಸಿತ್ತು. ಹಿಂದಿನ ವಿದ್ಯಾರ್ಥಿಗಳು ಅದನ್ನು ಕಂಠಪಾಠ ಮಾಡುತ್ತಿದ್ದರು. ಪದಗಳ ರಾಶಿ ಹೀಗೆ ಕೈಗೆ ಬಂದಾಗ ಮಗು ಪ್ರಬಂಧದಲ್ಲಿ ಅತ್ಯಂತ ದೊಡ್ಡ ಪದವನ್ನೇ ಹೆಕ್ಕಿ ಹಾಕುತ್ತದೆ, ಮೆಚ್ಚುಗೆ ಪಡೆಯುತ್ತದೆ. ಅಲ್ಲಿ ತಡೆಯಬೇಕು. ನೀರು, ಜಲ, ಉದಕ, ತೀರ್ಥ ಒಂದೇ ಸಾಲಿನಲ್ಲಿ ನಿಂತರೂ ಬಾವಿಯಿಂದ ನಾವು ಸೇದುವುದು ನೀರನ್ನೇ ಹೊರತು ಉದಕವನ್ನಲ್ಲ. 'ಕಣ್ಣೀರು' ಉಂಟು, 'ಅಶ್ರುಜಲ' ಉಂಟು, 'ಕಣ್ಜಲ' ಇಲ್ಲ. ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಬೆಸೆದುದನ್ನು ವೈಯಾಕರಣರು ಅರಿಸಮಾಸವೆಂದು ಕರೆದುದರ ಕಾರಣವನ್ನು ಮಕ್ಕಳು ಇಲ್ಲಿ ನಾಲಗೆಯಿಂದಲೇ ತಿಳಿಯುತ್ತಾರೆ. ನೆರೆಮನೆಯಲ್ಲಿ ಸಾವಾದಾಗ 'ಅಜ್ಜ ಸತ್ತರು' ಎನ್ನುವುದಕ್ಕೂ 'ಅಜ್ಜ ತೀರಿಕೊಂಡರು' ಎನ್ನುವುದಕ್ಕೂ ಎಷ್ಟು ಅಂತರವೆಂಬುದನ್ನು ಯಾವ ಕೋಶವೂ ಪೂರ್ತಿ ಹೇಳಲಾರದು. ಅದನ್ನು ಮಗು ಹಿರಿಯರ ಬಾಯಿಂದ ಕೇಳಿಯೇ ಕಲಿಯಬೇಕು.

ಉತ್ಸವದ ಸ್ಮಾರಕವಾಗಿ ಏನು ಮಾಡಬಹುದೆಂದು ಹಲವರು ವಿಚಾರಿಸುತ್ತಿದ್ದೀರಿ. ನಾಲ್ಕನೆಯ ತರಗತಿಯಿಂದ ಮೇಲಕ್ಕೆ ಪ್ರತಿ ಕೊಠಡಿಗೂ ಎರಡೆರಡು ಕನ್ನಡ ನಿಘಂಟುಗಳು ಬೇಕಾಗಿವೆ. ಒಂದು ಪ್ರತಿಯನ್ನು ಶನಿವಾರ ಮಕ್ಕಳು ಸರದಿಯಂತೆ ಮನೆಗೆ ಒಯ್ಯಲಿ. ತಾಯಂದಿರೂ ತೆರೆದು ನೋಡಲಿ. ಹಾಳೆ ಹರಿದರೆ ಅಂಟಿಸೋಣ, ರಟ್ಟು ಕಳಚಿದರೆ ಕಟ್ಟಿಸೋಣ. ಕಪಾಟನ್ನು ಮಾತ್ರ ಯಾರೂ ದಾನವಾಗಿ ಕೊಡಬೇಡಿರೆಂದು ನಮ್ಮ ಪ್ರಾರ್ಥನೆ.