ಸುರಂಗಯಂತ್ರದ ರಸ್ತೆಯ ಪಯಣ



ತುಂಗೆಯ ನೀರನ್ನೆತ್ತಿ ಭದ್ರೆಗೆ ಕೂಡಿಸಿ, ಅಲ್ಲಿಂದ ಮತ್ತೆ ಮೇಲೆತ್ತಿ ಅಜ್ಜಂಪುರದ ಸುರಂಗದ ಮೂಲಕ ಬಯಲುಸೀಮೆಗೆ ಕೊಂಡೊಯ್ಯುವ ಭದ್ರಾ ಮೇಲ್ದಂಡೆ ಯೋಜನೆಯ ಮೊದಲ ಹೆಜ್ಜೆ ಈ ಮುತ್ತಿನಕೊಪ್ಪದ ನೆಲದಲ್ಲಿಯೇ ಊರಿರುವುದರಿಂದ, ನೆಲವನ್ನು ಬಗೆಯುವುದೆಂದರೆ ಏನೆಂಬುದನ್ನು ಇಲ್ಲಿಯವರಿಗೆ ಹೊರಗಿನವನೊಬ್ಬನು ಬಂದು ವಿವರಿಸತಕ್ಕ ಅಗತ್ಯವಿಲ್ಲ. ನಾನು ಹೇಳಹೊರಟಿರುವುದು ಕೊರೆತದ ಮಾತನ್ನಲ್ಲ. ಕೊರೆಯುವ ಯಂತ್ರವು ಕೊರೆಯಬೇಕಾದ ಸ್ಥಳವನ್ನು ತಲಪುವ ಪರಿಯನ್ನು. ರೈಲುಮಾರ್ಗಕ್ಕಾಗಿ ಸುರಂಗ ತೆಗೆಯುವ ಮಹಾಯಂತ್ರವು ಆ ಸ್ಥಳಕ್ಕೆ ರೈಲಿನಲ್ಲಿ ಬರಲಾರದು. ಹಳಿ ಇನ್ನೂ ಹುಟ್ಟಿರದ ಊರಿಗೆ ಅದು ರಸ್ತೆಯ ಮೇಲೆಯೇ ಬರಬೇಕು. ಆದಕಾರಣ ಅದನ್ನು ಎಷ್ಟು ತುಂಡಾಗಿ ಬಿಡಿಸಬೇಕು, ಎಂದಿಗೆ ಕೆಲಸಕ್ಕೆ ತೊಡಗಿಸಬೇಕು ಎಂಬುದನ್ನು ಬೆಟ್ಟದ ಶಿಲೆಗಿಂತ ಮೊದಲೇ ನಿರ್ಣಯಿಸುವುದು ದಾರಿಯಲ್ಲಿನ ಅತ್ಯಂತ ದುರ್ಬಲವಾದ ಸೇತುವೆ. ಇಷ್ಟೇ ನನ್ನ ಪ್ರತಿಪಾದನೆ.

ರೈಲಿನ ಹೆಸರೆತ್ತಿದರೆ ಈ ಸೀಮೆಯ ಹಿರಿಯರ ನೆನಪು ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಾಡಿನ ನಡುವೆ ಎರಡಡಿ ಅಗಲದ ಹಳಿಗಳ ಮೇಲೆ ಓಡುತ್ತಿದ್ದ ಪುಟ್ಟ ಗಾಡಿಯ ಕಡೆಗೆ ಹೋಗುವುದು ಸಹಜ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಆ ಮಾರ್ಗವು ಇಲ್ಲದಾಯಿತು. ಇಂದು ಈ ತಾಲ್ಲೂಕಿಗೆ ಭಾರವಾದುದು ಏನು ಬರಬೇಕಾದರೂ ರಸ್ತೆಯೊಂದೇ ಗತಿ.

ಯಂತ್ರದ ಗಾತ್ರವನ್ನು ಸ್ವಲ್ಪ ಮನಸ್ಸಿಗೆ ತಂದುಕೊಳ್ಳೋಣ. 1825ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಕೆಳಗೆ ಮಾರ್ಕ್ ಬ್ರುನೆಲ್ ಮೊದಲು ಪ್ರಯೋಗಿಸಿದ, ಕಾರ್ಮಿಕರನ್ನು ಕುಸಿತದಿಂದ ಕಾಯುವ ಕಬ್ಬಿಣದ ಕವಚವೇ ಇಂದಿನ ಸುರಂಗಯಂತ್ರದ ಪೂರ್ವಜ. ಈಗ ಆ ಕವಚದ ಮುಂಭಾಗದಲ್ಲಿ ತಿರುಗುವ ಕಟರ್ ಹೆಡ್, ಅದರ ಹಿಂದೆ ಅದನ್ನು ಹೊರುವ ದೊಡ್ಡ ಬೇರಿಂಗು, ಅದಕ್ಕೂ ಹಿಂದೆ ಕಾಂಕ್ರೀಟಿನ ಬಳೆಗಳನ್ನು ಜೋಡಿಸುವ ತೋಳು, ಬಾಲದಂತೆ ಹಿಂಬಾಲಿಸುವ ಗ್ಯಾಂಟ್ರಿಗಳು. ಬೆಂಗಳೂರು ಮೆಟ್ರೋದ ಯಂತ್ರಗಳ ಮುಖದ ವ್ಯಾಸವೇ ಆರು ಮೀಟರಿಗೂ ಮಿಗಿಲು. ಆದರೆ ನಮ್ಮ ಮೋಟಾರು ವಾಹನ ನಿಯಮಗಳು ಸಾಮಾನ್ಯ ಲಾರಿಗೆ ಅನುಮತಿಸುವ ಅಗಲ 2.6 ಮೀಟರು, ಟ್ರೇಲರ್ ಸಹಿತವಾದ ಭಾರದ ಮೇಲ್ಮಿತಿ 55 ಟನ್ನು. ಮುಖವನ್ನು ಹೋಳುಗಳಾಗಿ ಬಿಡಿಸಬಹುದು, ಕವಚವನ್ನೂ ಬಿಡಿಸಬಹುದು. ಬೇರಿಂಗನ್ನು ಮಾತ್ರ ಸಾಮಾನ್ಯವಾಗಿ ಅಖಂಡವಾಗಿಯೇ ಒಯ್ಯಬೇಕಾಗುತ್ತದೆ. ಅದೊಂದರ ಸಲುವಾಗಿ ಎಷ್ಟು ಮರದ ಕೊಂಬೆಗಳು ಸವರಲ್ಪಡುತ್ತವೆ, ಎಷ್ಟು ವಿದ್ಯುತ್ ತಂತಿಗಳು ಎತ್ತಲ್ಪಡುತ್ತವೆ ಎಂಬ ಲೆಕ್ಕವನ್ನು ಸುರಂಗದ ಉದ್ಘಾಟನೆಯ ದಿನ ಯಾರೂ ಓದಿದ್ದನ್ನು ನಾನು ಕೇಳಿಲ್ಲ.

ಈ ಬಗೆಯ ಸಾಗಣೆಗೆ ಬಳಸುವ ವಾಹನವು ಹೈಡ್ರಾಲಿಕ್ ಆಕ್ಸಲ್‌ಗಳ ಉದ್ದನೆಯ ಟ್ರೇಲರ್. ಒಂದೊಂದು ಆಕ್ಸಲ್‌ನ ಮೇಲೂ ಭಾರವು ಸಮನಾಗಿ ಹಂಚಿಹೋಗುವಂತೆ, ರಸ್ತೆಯ ಏರುತಗ್ಗಿಗೆ ತಕ್ಕಂತೆ ಎಣ್ಣೆಯ ಒತ್ತಡವು ಅದನ್ನು ಎತ್ತುತ್ತ ಇಳಿಸುತ್ತ ಇರುತ್ತದೆ, ಚಕ್ರಗಳೆಲ್ಲವೂ ದಿಕ್ಕು ಬದಲಿಸಬಲ್ಲವು. ನಮ್ಮ ಊರುಗಳ ರಥೋತ್ಸವದಲ್ಲಿ ತೇರಿನ ಗಾಲಿಗೆ ಕ್ಷಣಕ್ಷಣವೂ ಮರದ ತಡೆಯನ್ನು ಕೊಟ್ಟು ದಿಕ್ಕನ್ನು ತಿದ್ದುವವನಂತೆ, ಇಲ್ಲಿಯೂ ಟ್ರೇಲರ್‌ನ ಮಗ್ಗುಲಲ್ಲಿ ನಡೆಯುತ್ತ ಅದನ್ನು ನಿಯಂತ್ರಿಸುವವನೊಬ್ಬನುಂಟು. ಹಗ್ಗ ಹಿಡಿದವರಿಗಿರುವ ಕೀರ್ತಿ ಅವನಿಗಿಲ್ಲ.

ಸೇತುವೆಯ ಮಾತಿಗೆ ಬರುವೆನು. ನಮ್ಮ ಹೆದ್ದಾರಿಗಳ ಸೇತುವೆಗಳನ್ನು ಬಹುಕಾಲದಿಂದ ಎಣಿಸಿ ಕಟ್ಟುತ್ತ ಬಂದಿರುವ ಪ್ರಮಾಣಭಾರದ ವಾಹನವು ಸರಪಳಿಚಕ್ರದ್ದಾದರೆ 70 ಟನ್ನಿನದು, ಗಾಲಿಯದಾದರೆ 100 ಟನ್ನಿನದು. 385 ಟನ್ನಿನ ವಿಶೇಷ ವಾಹನವನ್ನು ಗಣನೆಗೆ ತಂದುಕೊಳ್ಳುವ ಕ್ರಮವು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯಲ್ಲಿ ಬಂದದ್ದು ಈಚೆಗೆ. ಆದುದರಿಂದ ಅತಿಭಾರದ ಟ್ರೇಲರ್ ಸೇತುವೆಯನ್ನು ಏರುವಾಗ ಬೇರೆ ಯಾವ ವಾಹನವನ್ನೂ ಅದರ ಮೇಲೆ ಬಿಡುವುದಿಲ್ಲ. ಅದು ಸೇತುವೆಯ ನಡುಗೆರೆಯ ಮೇಲೆ, ಬ್ರೇಕು ಹಾಕದೆ, ಮನುಷ್ಯನ ನಡಿಗೆಯ ವೇಗದಲ್ಲಿ ದಾಟಬೇಕು. ಇದು ಕೇಳಲು ಸುಲಭ, ನಡೆಸಲು ಕಷ್ಟ. ಹಿಮಾಲಯದಲ್ಲಿ ಋಷಿಕೇಶದಿಂದ ಕರ್ಣಪ್ರಯಾಗಕ್ಕೆ 125 ಕಿಲೋಮೀಟರಿನ ರೈಲುಮಾರ್ಗವನ್ನು ಕಟ್ಟುವಲ್ಲಿ, ದೇವಪ್ರಯಾಗ ಮತ್ತು ಜನಾಸುವಿನ ನಡುವಣ 14.57 ಕಿಲೋಮೀಟರಿನ ಸುರಂಗಕ್ಕೆ 9.11 ಮೀಟರು ವ್ಯಾಸದ ‘ಶಕ್ತಿ’, ‘ಶಿವ’ ಎಂಬ ಜರ್ಮನ್ ಯಂತ್ರಗಳನ್ನು ತರಿಸಿದಾಗ, ಗುಜರಾತಿನ ಮುಂದ್ರಾ ಬಂದರಿನಿಂದ ಗಂಗೆಯ ಕಣಿವೆಯವರೆಗೆ ನೂರು ಟನ್ನನ್ನು ಮೀರಿದ ಭಾಗಗಳನ್ನು ಒಯ್ಯಬೇಕಾಯಿತು. ಕಿರಿದಾದ ಮಲೆದಾರಿಯ ಸೇತುವೆಗಳನ್ನು ಬಲಪಡಿಸಬೇಕಾಯಿತು. 2025ರ ಏಪ್ರಿಲ್ 16ರಂದು ‘ಶಕ್ತಿ’ಯು ಬಂಡೆಯನ್ನು ಭೇದಿಸಿ ಹೊರಬಂದ ಕ್ಷಣವನ್ನು ದೇಶವೇ ಕಂಡಿತು. ಆ ಸೇತುವೆಗಳ ಮೇಲೆ ಅವಳು ತುಂಡುತುಂಡಾಗಿ ನಡೆದು ಬಂದ ರಾತ್ರಿಗಳನ್ನು ಕಂಡವರು ಚಾಲಕರು, ಪೊಲೀಸರು, ಎಂಜಿನಿಯರರು ಮಾತ್ರ.

ನಮ್ಮ ನದಿಗಳ ಹೆಸರಿನ ಯಂತ್ರಗಳೂ ಉಂಟು. ಬೆಂಗಳೂರು ಮೆಟ್ರೋದ ಗುಲಾಬಿ ಮಾರ್ಗದ ಸುರಂಗಗಳನ್ನು ಒಂಬತ್ತು ಯಂತ್ರಗಳು ಕೊರೆದವು. ಅವುಗಳಲ್ಲಿ ಎರಡಕ್ಕೆ ತುಂಗಾ, ಭದ್ರಾ ಎಂದು ಹೆಸರು. ಮೊದಲು ಹೊರಟ ‘ಊರ್ಜಾ’ 2020ರ ಜುಲೈ 30ರಂದು ದಂಡು ನಿಲ್ದಾಣದ ಕಡೆಯಿಂದ ಕೆಲಸಕ್ಕೆ ತೊಡಗಿ 2021ರ ಸೆಪ್ಟೆಂಬರ್ 22ರಂದು ಶಿವಾಜಿನಗರದಲ್ಲಿ ಹೊರಬಂದಳು. ಕಡೆಯವಳಾದ ‘ಭದ್ರಾ’ 2024ರ ಅಕ್ಟೋಬರ್ 30ರಂದು ನಾಗವಾರದಲ್ಲಿ ಹೊರಬಂದಳು. ಈ ದಿನಾಂಕಗಳೆಲ್ಲ ನೆಲದಡಿಯ ಪಯಣದವು, ರಸ್ತೆಯ ಪಯಣದವಲ್ಲ.

ನಮ್ಮ ಘಟ್ಟಗಳಿಗೆ ಇಂಥ ಯಂತ್ರಗಳು ಏಕೆ ಬರಲಿಲ್ಲವೆಂದು ಕೇಳುವವರುಂಟು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಮಾರ್ಗದಲ್ಲಿ 57 ಸುರಂಗಗಳಿವೆ. ಆದರೆ ಅವು ಬಿಡಿಬಿಡಿಯಾದ ಮೋಟು ಸುರಂಗಗಳು. ತಿಂಗಳುಗಟ್ಟಲೆ ಜೋಡಿಸಿದ ಯಂತ್ರವನ್ನು ಕೆಲವು ನೂರು ಮೀಟರು ಕೊರೆಸಿ, ಮತ್ತೆ ಬಿಚ್ಚಿ, ಮುಂದಿನ ಗುಡ್ಡಕ್ಕೆ ಸಾಗಿಸುವುದು ಯಾವ ಲೆಕ್ಕದಲ್ಲಿಯೂ ಸರಿಹೊಂದದು. ಅದನ್ನು ಸಾಗಿಸುವ ದಾರಿಯಾದರೂ ಎಲ್ಲಿತ್ತು? ಹದಿನಾಲ್ಕು ತಿರುವುಗಳ ಆಗುಂಬೆಯನ್ನು ಬಲ್ಲ ನಿಮಗೆ ಈ ಪ್ರಶ್ನೆಯ ಉತ್ತರ ತಿಳಿಯದ್ದಲ್ಲ. ಅಲ್ಲಿ ಮದ್ದು ಸಿಡಿಸಿ ಕೈಯಿಂದ ಬಗೆದದ್ದು ಹಿಂದುಳಿದಿರುವಿಕೆಯಲ್ಲ, ವಿವೇಕ.

ಹಳೆಯ ಮೈಸೂರಿನ ಒಂದು ನಿದರ್ಶನವನ್ನು ಇಲ್ಲಿ ಬಿಡಲಾಗದು. 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿದ ಶಿವನಸಮುದ್ರದ ಯಂತ್ರಗಳು ರೈಲಿನಲ್ಲಿ ಬಂದದ್ದು ಮದ್ದೂರಿನವರೆಗೆ ಮಾತ್ರ. ಅಲ್ಲಿಂದ ಮುಂದಕ್ಕೆ ಎತ್ತುಗಳೂ ಆನೆಗಳೂ ಎಳೆದವು. ಆ ಯೋಜನೆಯನ್ನು ಕೈಗೆತ್ತಿಕೊಂಡ ದಿವಾನ ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ನಾವು ಕೊಂಡಾಡುತ್ತೇವೆ. ಆ ದಾರಿಯನ್ನು ಹದಗೊಳಿಸಿದವರ ಹೆಸರುಗಳು ನಮ್ಮ ಪಠ್ಯಪುಸ್ತಕಗಳಿಗೆ ಬರಲಿಲ್ಲ.

ಆದುದರಿಂದ ನನ್ನ ವಿನಂತಿ ಲೋಕೋಪಯೋಗಿ ಇಲಾಖೆಗೆ: ರಾಜ್ಯದ ಪ್ರತಿಯೊಂದು ಸೇತುವೆಯ ಧಾರಣಶಕ್ತಿ, ಅಗಲ, ಮೇಲಣ ತಂತಿಯ ಎತ್ತರ, ತಿರುವಿನ ತ್ರಿಜ್ಯ ಇವುಗಳನ್ನು ಒಂದೇ ಸಾರ್ವಜನಿಕ ದಫ್ತರದಲ್ಲಿ ಬರೆದಿಡಬೇಕು, ಅತಿಭಾರದ ಸಾಗಣೆಯೊಂದು ನಡೆದಾಗಲೆಲ್ಲ ಯಾವ ಸೇತುವೆ ಎಷ್ಟನ್ನು ಹೊತ್ತಿತು ಎಂಬುದನ್ನು ಅದರಲ್ಲಿಯೇ ಸೇರಿಸಬೇಕು. ಶಿವಮೊಗ್ಗದಿಂದ ಈ ಊರಿನ ಮೂಲಕ ನರಸಿಂಹರಾಜಪುರಕ್ಕೂ ಕೊಪ್ಪಕ್ಕೂ ಹೋಗುವ ದಾರಿಯಿಂದಲೇ ಆ ಕೆಲಸವನ್ನು ಆರಂಭಿಸಬಹುದು.